ದಿನವಿಡೀ ಸುದ್ದಿ ನೋಡಿದರೂ ಏನೂ ತಲೆಯಲ್ಲಿ ನಿಲ್ಲುವುದಿಲ್ಲ, ಯಾಕೆ?

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮೊದಲು ಬೆಳಿಗ್ಗೆ ಅರ್ಧ ಗಂಟೆ ಪೇಪರ್ ಓದಿದರೆ ಆ ದಿನದ ಸುದ್ದಿ ಮುಗಿಯುತ್ತಿತ್ತು. ಈಗ ಎದ್ದಾಗಿನಿಂದ ಮಲಗುವವರೆಗೆ ಫೋನಿನಲ್ಲಿ ಸುದ್ದಿ ಬರುತ್ತಲೇ ಇರುತ್ತದೆ, ನಾನೂ ನೋಡುತ್ತಲೇ ಇರುತ್ತೇನೆ. ಆದರೂ ಸಂಜೆ ಯಾರಾದರೂ ‘ಇವತ್ತು ಏನು ವಿಶೇಷ?’ ಎಂದು ಕೇಳಿದರೆ ನೆಟ್ಟಗೆ ಎರಡು ವಿಷಯ ಹೇಳಲು ಬರುವುದಿಲ್ಲ. ನನಗೆ ವಯಸ್ಸಾಯಿತಾ, ಇಲ್ಲ ಸುದ್ದಿಯೇ ಬದಲಾಯಿತಾ? ಎಲ್ಲವೂ ಫ್ರೀ ಸಿಗುವಾಗ ದುಡ್ಡು ಕೊಟ್ಟು ಯಾಕೆ ಓದುತ್ತೀಯಾ ಎಂದು ಮಗಳು ಕೇಳುತ್ತಾಳೆ. ಇನ್ನು ಮುಂದೆ ಎಐ ಕೇಳಿದರೆ ಸಾಕು, ಅದೇ ಎಲ್ಲ ಹೇಳುತ್ತದಂತೆ. ಮನೆಯವರ ವಾಟ್ಸಾಪ್ ಗ್ರೂಪಿಗೆ ಬರುವುದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಗೊತ್ತಾಗುವುದೇ ಇಲ್ಲ. ನಾನು ಏನು ಮಾಡಬೇಕು?

ಉತ್ತರ: ಮೇಷ್ಟ್ರೇ, ಮೊದಲು ವಯಸ್ಸಿನ ವಿಷಯ ಮುಗಿಸಿಬಿಡೋಣ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಪ್ಪತ್ತರ ಹುಡುಗರೂ ನನ್ನ ಹತ್ತಿರ ಇದೇ ಮಾತು ಹೇಳುತ್ತಾರೆ. ಕಾಗದ ಹೋಗಿ ಪರದೆ ಬಂದದ್ದು ಈ ಬದಲಾವಣೆಯಲ್ಲಿ ತೀರಾ ಸಣ್ಣ ಭಾಗ. ಯಾವ ಸುದ್ದಿ ಮುಖ್ಯ, ಯಾವುದು ಅಲ್ಲ ಎಂದು ಆರಿಸುವ ಕೆಲಸ ಪತ್ರಿಕಾ ಕಚೇರಿಯಿಂದ ಹೊರಬಿದ್ದಿತಲ್ಲ, ಅದು ದೊಡ್ಡದು. ಅರ್ಧ ಕೆಲಸ ಕಂಪ್ಯೂಟರಿನ ಪಾಲಾಯಿತು. ಇನ್ನರ್ಧ ನಿಮ್ಮ ತಲೆಯ ಮೇಲೆ ಬಿತ್ತು. ಹೀಗೊಂದು ಕೆಲಸ ನಿಮಗೆ ಬಂದಿದೆ ಎಂದು ಯಾರೂ ಹೇಳಲಿಲ್ಲ, ಅಷ್ಟೇ.

ಪೇಪರ್ ಓದುವಾಗ ಸುದ್ದಿಯ ಜೊತೆಗೆ ನಿಮಗೆ ಇನ್ನೂ ಎರಡು ಸಿಗುತ್ತಿದ್ದವು. ಮೊದಲನೆಯದು ಅಳತೆ. ಮುಖಪುಟದಲ್ಲಿ ಐದು ಕಾಲಂ ತಲೆಬರಹ ಇದ್ದರೆ ದೊಡ್ಡ ವಿಷಯ. ಏಳನೇ ಪುಟದ ಮೂಲೆಯಲ್ಲಿ ನಾಲ್ಕು ಸಾಲಿದ್ದರೆ ಸಣ್ಣದು. ಓದದೆಯೂ ಇದು ತಿಳಿಯುತ್ತಿತ್ತು. ಎರಡನೆಯದು ಕೊನೆ. ಕೊನೇ ಪುಟ ಮಡಚಿದರೆ ಮುಗಿಯಿತು. ಫೋನಿನಲ್ಲಿ ಇವೆರಡೂ ಇಲ್ಲ. ಯುದ್ಧ, ನಟಿಯ ಮದುವೆ, ಬ್ಯಾಂಕ್ ಬಡ್ಡಿ, ಯಾರದೋ ನಾಯಿಮರಿ, ಎಲ್ಲವೂ ಒಂದೇ ಅಗಲದ ಚೌಕದಲ್ಲಿ ಒಂದರ ಕೆಳಗೊಂದು ಬರುತ್ತವೆ. ಸರಿಸಿದಷ್ಟೂ ಮುಗಿಯುವುದಿಲ್ಲ. ಹೀಗೆ ಕೊನೆಯೇ ಇಲ್ಲದೆ ಸರಿಯುವ ಪುಟವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ. ಕೆಲವು ವರ್ಷಗಳ ನಂತರ ಅವರೇ ಅದಕ್ಕಾಗಿ ಬಹಿರಂಗವಾಗಿ ಬೇಸರಪಟ್ಟುಕೊಂಡರು. ದಿನಕ್ಕೆ ನೂರಾರು ಚೌಕ ಕಣ್ಣ ಮುಂದೆ ಸರಿದುಹೋದರೆ ಸಂಜೆಗೆ ಯಾವುದು ನೆನಪಿರಬೇಕು ಹೇಳಿ?

ಅದೇ 2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ತನ್ನ ‘ನ್ಯೂಸ್ ಫೀಡ್’ ಶುರು ಮಾಡಿತು. ಅದಕ್ಕೂ ಮೊದಲು ಸ್ನೇಹಿತರ ಪುಟಕ್ಕೆ ನೀವೇ ಹೋಗಿ ನೋಡಬೇಕಿತ್ತು. ಫೀಡ್ ಬಂದ ಮೇಲೆ ಎಲ್ಲರ ಪುಟವೂ ನಿಮ್ಮ ಹತ್ತಿರವೇ ಬರತೊಡಗಿತು. ಲಕ್ಷಗಟ್ಟಲೆ ಜನ ಆಗ ವಿರೋಧಿಸಿದರು. ಆದರೆ ಫೀಡ್ ಉಳಿಯಿತು, ಜನರೂ ಉಳಿದರು. 2009ರಲ್ಲಿ ಲೈಕ್ ಗುಂಡಿ ಬಂತು. ಅದೇ ವರ್ಷ ಟ್ವಿಟರ್‌ನಲ್ಲಿ, ಬೇರೆಯವರು ಬರೆದದ್ದನ್ನು ಹಾಗೇ ಮುಂದಕ್ಕೆ ಹಂಚುವ ರೀಟ್ವೀಟ್ ಗುಂಡಿ ಬಂತು. ಅಲ್ಲಿಂದ ಮುಂದೆ ಪ್ರತಿಯೊಂದು ಒತ್ತುವಿಕೆಯೂ ಒಂದು ಲೆಕ್ಕ. ನೀವು ಎಲ್ಲಿ ಬೆರಳು ನಿಲ್ಲಿಸಿದಿರಿ, ಎಷ್ಟು ಹೊತ್ತು ನೋಡಿದಿರಿ, ಯಾರಿಗೆ ಕಳಿಸಿದಿರಿ, ಇದೆಲ್ಲ ಸೇರಿ ಮುಂದೆ ನಿಮಗೇನು ತೋರಿಸಬೇಕು ಎಂಬುದು ತೀರ್ಮಾನವಾಗುತ್ತದೆ. ಇದನ್ನು ಅಲ್ಗಾರಿದಮ್ ಎನ್ನುತ್ತಾರೆ. ಅದರಲ್ಲಿ ಮಾಯಮಂತ್ರ ಏನೂ ಇಲ್ಲ, ಯಾವುದಕ್ಕೆ ಎಷ್ಟು ಅಂಕ ಎಂದು ಯಾರೋ ಕೂತು ಬರೆದ ನಿಯಮ ಅದು. ಆ ಅಂಕ ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2017ರಿಂದ ಫೇಸ್‌ಬುಕ್ ಕೋಪದ ಮುಖವೂ ಸೇರಿದಂತೆ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ಗಿಂತ ಐದು ಪಟ್ಟು ಜಾಸ್ತಿ ಅಂಕ ಕೊಡುತ್ತಿತ್ತು. ಕಂಪನಿಯ ಒಳಗಿನ ದಾಖಲೆಗಳು 2021ರಲ್ಲಿ ಹೊರಬಂದಾಗ ಇದು ಲೋಕಕ್ಕೆ ತಿಳಿಯಿತು. ಅಷ್ಟು ಹೊತ್ತಿಗೆ ಅವರು ಕೋಪದ ಮುಖದ ಅಂಕವನ್ನು ಸೊನ್ನೆಗೆ ಇಳಿಸಿದ್ದರು. ಅಂದರೆ ಆ ಕೆಲವು ವರ್ಷ, ನಿಮಗೆ ಸಿಟ್ಟು ಬರಿಸಿದ ಸುದ್ದಿ ನಿಮಗೆ ಇಷ್ಟವಾದ ಸುದ್ದಿಗಿಂತ ಮೇಲೇರಲು ಅನುಕೂಲವಿತ್ತು.

ಇದರ ಬಿಸಿ ಸುದ್ದಿಮನೆಗಳಿಗೂ ತಟ್ಟಿತು. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮುಂದೆ ಸುದ್ದಿ ಸಂಸ್ಥೆಗಳ ಪೋಸ್ಟ್‌ಗಿಂತ ಸ್ನೇಹಿತರ, ಮನೆಯವರ ಪೋಸ್ಟ್‌ಗೆ ಮೊದಲ ಜಾಗ ಎಂದು ಪ್ರಕಟಿಸಿತು. ಅದನ್ನೇ ನಂಬಿಕೊಂಡಿದ್ದ ಎಷ್ಟೋ ವೆಬ್‌ಸೈಟ್‌ಗಳಿಗೆ ಬರುವ ಓದುಗರು ದಿಢೀರನೆ ಕಡಿಮೆಯಾದರು. ಅಲ್ಲಿಯ ವರದಿಗಾರರು ಏನೂ ಕೆಟ್ಟ ಕೆಲಸ ಮಾಡಿರಲಿಲ್ಲ. ಬೇರೆ ಯಾರದೋ ಕಚೇರಿಯಲ್ಲಿ ಒಂದು ನಿಯಮ ಬದಲಾಗಿತ್ತು. ಮುಖಪುಟ ತನ್ನ ಕೈತಪ್ಪಿದರೆ ಸಂಪಾದಕನ ಗತಿ ಏನು ಎಂಬುದು ಆಗ ಹಲವರಿಗೆ ಅರ್ಥವಾಯಿತು.

ಈಗ ನಿಮ್ಮ ಮಗಳ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

1833ರಲ್ಲಿ ನ್ಯೂಯಾರ್ಕಿನಲ್ಲಿ ಬೆಂಜಮಿನ್ ಡೇ ಎಂಬಾತ ‘ದಿ ಸನ್’ ಪತ್ರಿಕೆ ಶುರು ಮಾಡಿ ಒಂದು ಸೆಂಟಿಗೆ ಮಾರಿದ. ಉಳಿದ ಪತ್ರಿಕೆಗಳ ಬೆಲೆ ಆರು ಸೆಂಟು. ನಷ್ಟ ಹೇಗೆ ತುಂಬಿಕೊಂಡ? ಜಾಹೀರಾತಿನಿಂದ. ಓದುಗರು ಜಾಸ್ತಿ, ಆದ್ದರಿಂದ ಜಾಹೀರಾತಿಗೆ ಬೆಲೆ ಜಾಸ್ತಿ. ಮುಂದಿನ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಪತ್ರಿಕೆಗಳು ನಡೆದದ್ದು ಹೆಚ್ಚುಕಡಿಮೆ ಈ ಲೆಕ್ಕಾಚಾರದ ಮೇಲೇ. ಓದುಗ ಕೊಡುತ್ತಿದ್ದ ಹಣ ಎಷ್ಟೋ ಕಡೆ ಮುದ್ರಣದ ಖರ್ಚಿಗೂ ಸಾಲುತ್ತಿರಲಿಲ್ಲ. ಮನೆ ಬಾಡಿಗೆಗಿದೆ, ಕೆಲಸ ಖಾಲಿಯಿದೆ, ಹಳೇ ಗಾಡಿ ಮಾರಾಟಕ್ಕಿದೆ ಎಂಬ ಸಣ್ಣ ಜಾಹೀರಾತುಗಳಿದ್ದವಲ್ಲ, ಅವುಗಳ ದುಡ್ಡಿನಲ್ಲಿ ನ್ಯಾಯಾಲಯದ ವರದಿಗಾರನ ಸಂಬಳ ಆಗುತ್ತಿತ್ತು. ಸುದ್ದಿಗೂ ಹಳೇ ಗಾಡಿಗೂ ಏನು ಸಂಬಂಧ? ಏನೂ ಇಲ್ಲ. ಎರಡೂ ಒಂದೇ ಕಾಗದದಲ್ಲಿ ಇದ್ದವು, ಅಷ್ಟೇ.

ಇಂಟರ್ನೆಟ್ ಆ ಗಂಟನ್ನು ಬಿಚ್ಚಿಹಾಕಿತು. ಕ್ರೇಗ್ ನ್ಯೂಮಾರ್ಕ್ 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ನೇಹಿತರಿಗೆ ಕಳಿಸುವ ಇಮೇಲ್ ಪಟ್ಟಿಯಾಗಿ ಆರಂಭಿಸಿದ ‘ಕ್ರೇಗ್ಸ್‌ಲಿಸ್ಟ್’ ಬೆಳೆದು, ಸಣ್ಣ ಜಾಹೀರಾತುಗಳನ್ನು ಬಹುಪಾಲು ಪುಕ್ಕಟೆ ಮಾಡಿಬಿಟ್ಟಿತು. 2000ದಿಂದ 2007ರವರೆಗೆ ಅಮೆರಿಕದಲ್ಲಿ ಇದರಿಂದ ಜಾಹೀರಾತು ಕೊಡುವವರಿಗೆ ಉಳಿದ ಹಣ ಸುಮಾರು 500 ಕೋಟಿ ಡಾಲರ್ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಜನರಿಗೆ ಲಾಭ, ಸಂಶಯವೇ ಇಲ್ಲ. ಪತ್ರಿಕೆಗೆ ಅಷ್ಟೂ ನಷ್ಟ. ದೊಡ್ಡ ಜಾಹೀರಾತುಗಳು ಗೂಗಲ್, ಫೇಸ್‌ಬುಕ್ ಕಡೆ ಹೋದವು. ಪತ್ರಿಕೆ ಒಂದು ಪುಟವನ್ನು ಮಾರುತ್ತದೆ. ಯಾರು ನೋಡುತ್ತಾರೋ ಗೊತ್ತಿಲ್ಲ. ಗೂಗಲ್, ಫೇಸ್‌ಬುಕ್ ಮಾರುವುದು ನಿರ್ದಿಷ್ಟ ವ್ಯಕ್ತಿಯ ಗಮನವನ್ನು. ನೀವು ಒಂದು ಪುಟ ತೆರೆದಾಗ ಅದು ಲೋಡ್ ಆಗುವ ಒಂದು ಕ್ಷಣದೊಳಗೆ ನಿಮಗೆ ಯಾವ ಜಾಹೀರಾತು ತೋರಿಸಬೇಕು ಎಂಬ ಹರಾಜು ನಡೆದು ಮುಗಿದಿರುತ್ತದೆ. ಅಮೆರಿಕದ ಪತ್ರಿಕೆಗಳ ಜಾಹೀರಾತು ಆದಾಯ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇತ್ತು. 2020ರಲ್ಲಿ ಸಾವಿರ ಕೋಟಿಗಿಂತ ಕಡಿಮೆಯಾಯಿತು. ಆ ವರ್ಷವೇ ಮೊದಲ ಬಾರಿಗೆ ಅಲ್ಲಿ ಓದುಗರು ಕೊಟ್ಟ ಹಣ ಜಾಹೀರಾತಿನ ಹಣವನ್ನು ಮೀರಿಸಿತು. 2005ರಿಂದ ಈಚೆಗೆ ಅಲ್ಲಿಯ ಪತ್ರಿಕೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮುಚ್ಚಿಹೋಗಿವೆ. ಹೆಚ್ಚಿನವು ಸಣ್ಣ ಊರಿನ ವಾರಪತ್ರಿಕೆಗಳು.

ಇನ್ನು, ಪೂರ್ತಿ ಫ್ರೀ ಇರುವ ಸೈಟ್ ಬದುಕುವುದು ಹೇಗೆ? ಎಷ್ಟು ಸಲ ತೆರೆದಿರಿ ಎಂಬುದರ ಮೇಲೆ. ಹಾಗಾಗಿಯೇ ‘ಈ ನಟನಿಗೆ ಏನಾಯ್ತು ಗೊತ್ತಾ?’, ‘ಈ ತಪ್ಪು ಮಾಡಿದರೆ ನಿಮ್ಮ ಕಥೆ ಮುಗಿಯಿತು!’ ಎಂಬ ತಲೆಬರಹಗಳು. ಹಿಂದೆ ತಲೆಬರಹ ಸುದ್ದಿಯನ್ನು ಹೇಳುತ್ತಿತ್ತು. ಈಗ ಸುದ್ದಿಯನ್ನು ಬಚ್ಚಿಡುತ್ತದೆ. ಒಳಗೆ ಹೋದರೆ ಎಂಟು ಪ್ಯಾರಾ ಸುತ್ತಾಡಿಸಿ ಒಂಬತ್ತನೆಯದರಲ್ಲಿ ಒಂದು ಸಾಲು ಉತ್ತರ. ಕೆಲವೊಮ್ಮೆ ಅದೂ ಇಲ್ಲ. ಸುಳ್ಳು ಸುದ್ದಿಯ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ. ಆದರೆ ದಿನನಿತ್ಯ ನಮ್ಮ ಹೊತ್ತು ತಿನ್ನುವುದು ಸುಳ್ಳೂ ಅಲ್ಲದ, ಸುದ್ದಿಯೂ ಅಲ್ಲದ ಈ ಸರಕು ಎಂಬುದು ನನ್ನ ಅಭಿಪ್ರಾಯ. ನಿಮಗೆ ಸಂಜೆ ಏನೂ ನೆನಪಾಗದಿರಲು ಅರ್ಧ ಕಾರಣ ಇದೇ. ನೆನಪಿಡುವಂಥದ್ದು ಅದರಲ್ಲಿ ಇರಲೇ ಇಲ್ಲ.

ಮಗಳಿಗೆ ಹೀಗೆ ಹೇಳಿ. ಫ್ರೀ ಸಿಗುವುದರಲ್ಲಿ ಬಹಳಷ್ಟು ನಕಲು. ಒಬ್ಬ ವರದಿಗಾರ ತಿಂಗಳುಗಟ್ಟಲೆ ಕಚೇರಿಗಳಿಗೆ ಅಲೆದು, ಕಡತ ಹುಡುಕಿ, ವಕೀಲರಿಗೆ ತೋರಿಸಿ ಒಂದು ವರದಿ ಬರೆಯುತ್ತಾನೆ. ಪ್ರಕಟವಾದ ಹತ್ತು ನಿಮಿಷಕ್ಕೆ ಇಪ್ಪತ್ತು ಸೈಟ್‌ಗಳು ಅದನ್ನೇ ತಿರುಗಿಸಿ ಬರೆಯುತ್ತವೆ. ನಕಲಿಗೆ ಖರ್ಚಿಲ್ಲ, ಅದಕ್ಕೇ ಫ್ರೀ. ಅಸಲಿಗೆ ಖರ್ಚಿದೆ. ‘ನ್ಯೂಯಾರ್ಕ್ ಟೈಮ್ಸ್’ 2011ರ ಮಾರ್ಚ್‌ನಲ್ಲಿ ತನ್ನ ಸೈಟಿಗೆ ಚಂದಾ ಹಾಕಿದಾಗ ಯಾರು ದುಡ್ಡು ಕೊಡುತ್ತಾರೆ ಎಂದು ನಕ್ಕವರು ಬಹಳ. ಈಗ ಅದಕ್ಕೆ ಒಂದು ಕೋಟಿಗೂ ಮೇಲೆ ಚಂದಾದಾರರಿದ್ದಾರೆ. ಆದರೆ ಅಂಥ ಹೆಸರು, ಅಂಥ ಬಂಡವಾಳ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಹತ್ತು ಕಡೆ ಚಂದಾ ಕಟ್ಟಬೇಕಿಲ್ಲ. ತಾವೇ ವರದಿಗಾರರನ್ನು ಕಳಿಸುವ, ತಪ್ಪಾದಾಗ ತಿದ್ದುಪಡಿ ಹಾಕುವ ಒಂದನ್ನು ಆರಿಸಿ ಅದಕ್ಕೆ ಕೊಡಿ. ಸಾರ್ವಜನಿಕ ಪ್ರಸಾರ ಸಂಸ್ಥೆಗಳು, ದೇಣಿಗೆಯಿಂದ ನಡೆಯುವ ಸುದ್ದಿಸಂಸ್ಥೆಗಳು ಪುಕ್ಕಟೆಯಾಗಿ ಒಳ್ಳೆಯದನ್ನೇ ಕೊಡುತ್ತವೆ, ಅಷ್ಟರ ಮಟ್ಟಿಗೆ ನಿಮ್ಮ ಮಗಳ ಮಾತು ಸರಿ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಕೊರಗುವವನು ನಾನಲ್ಲ. ಹಿಂದೆ ಪತ್ರಿಕೆಯಲ್ಲಿ ತಪ್ಪು ಬಂದರೆ ಓದುಗ ಏನು ಮಾಡಬಹುದಿತ್ತು? ಪತ್ರ ಬರೆಯಬಹುದಿತ್ತು, ಅದನ್ನು ಹಾಕಬೇಕೋ ಬೇಡವೋ ಎಂದು ನಿರ್ಧರಿಸುವವರೂ ಅವರೇ. ಇವತ್ತು ಮೂಲ ದಾಖಲೆಯನ್ನೇ ತೆರೆದು ನೋಡಬಹುದು. 2016ರ ಪನಾಮಾ ಪೇಪರ್ಸ್ ನೆನಪಿದೆಯಲ್ಲ? ಹಣವಂತರ ಗುಟ್ಟಿನ ವಿದೇಶಿ ಕಂಪನಿಗಳ ಬಗ್ಗೆ ಪನಾಮಾದ ಒಂದು ವಕೀಲ ಸಂಸ್ಥೆಯಿಂದ ಸೋರಿಬಂದ, ಒಟ್ಟು 1 ಕೋಟಿ 15 ಲಕ್ಷ ದಾಖಲೆಗಳು. ಜರ್ಮನಿಯ ‘ಝ್ಯೂಡ್‌ಡಾಯ್ಚ ತ್ಸೈಟುಂಗ್’ ಪತ್ರಿಕೆಗೆ ಸಿಕ್ಕಿದ್ದನ್ನು ನೂರಕ್ಕೂ ಹೆಚ್ಚು ಸುದ್ದಿ ಸಂಸ್ಥೆಗಳ ಸುಮಾರು 370 ಪತ್ರಕರ್ತರು ಒಂದು ವರ್ಷ ಗುಟ್ಟಾಗಿ ಹಂಚಿಕೊಂಡು ಜಾಲಾಡಿದರು. ಕಾಗದದ ಕಾಲದಲ್ಲಿ ಅಷ್ಟು ಕಡತ ಸಾಗಿಸಲಿಕ್ಕೇ ಲಾರಿಗಳು ಬೇಕಿತ್ತು. ಉಪಗ್ರಹದ ಚಿತ್ರ, ಜನ ಹಾಕಿದ ವೀಡಿಯೊ, ನೆರಳಿನ ಉದ್ದ ಇವುಗಳಿಂದಲೇ ಒಂದು ಘಟನೆ ಎಲ್ಲಿ, ಯಾವ ಹೊತ್ತಿಗೆ ನಡೆಯಿತು ಎಂದು ಪತ್ತೆ ಮಾಡುವವರಿದ್ದಾರೆ. ಕಣ್ಣು ಕಾಣದವರು ಫೋನಿನಿಂದ ಸುದ್ದಿ ಓದಿಸಿಕೊಂಡು ಕೇಳುತ್ತಾರೆ. ಇದೆಲ್ಲ ಸಣ್ಣ ಲಾಭವಲ್ಲ.

ಎಐ ಬಗ್ಗೆ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂತು. ಅಲ್ಲಿಂದೀಚೆಗೆ ಸುದ್ದಿಯನ್ನು ಯಂತ್ರದ ಹತ್ತಿರ ಕೇಳುವುದು ಶುರುವಾಗಿದೆ. ಈ ಯಂತ್ರ ಹೇಗೆ ಉತ್ತರ ಕೊಡುತ್ತದೆ ಎಂದು ತಿಳಿದಿದ್ದರೆ ಅರ್ಧ ಸಮಸ್ಯೆ ಕಡಿಮೆ. ಅಪಾರ ಬರಹ ಓದಿಕೊಂಡು, ಒಂದು ಮಾತಿನ ನಂತರ ಯಾವ ಮಾತು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ಅದು ವಾಕ್ಯ ಕಟ್ಟುತ್ತದೆ. ಇವತ್ತು ಬೆಳಿಗ್ಗೆ ನಡೆದದ್ದು ಆ ಓದಿನಲ್ಲಿ ಇರುವುದಿಲ್ಲ. ಹಾಗಾಗಿ ಇಂಟರ್ನೆಟ್‌ನಲ್ಲಿ ಹುಡುಕಿ, ಸಿಕ್ಕಿದ್ದನ್ನು ಕಲಸಿ ಹೇಳುತ್ತದೆ. ಕಲಸುವಾಗ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂಬುದು ಅದಲುಬದಲಾಗುತ್ತದೆ. ಭಾಷೆ ಮಾತ್ರ ಎಲ್ಲೂ ತಡವರಿಸುವುದಿಲ್ಲ. ತಪ್ಪು ಹೇಳುವಾಗಲೂ ಅದೇ ಧೈರ್ಯ.

ಬಿಬಿಸಿ ಮತ್ತು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಸೇರಿ 2025ರ ಅಕ್ಟೋಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. 18 ದೇಶ, 14 ಭಾಷೆ, ನಾಲ್ಕು ಎಐ ಸಹಾಯಕಗಳು. ಸುದ್ದಿಯ ಬಗ್ಗೆ ಕೊಟ್ಟ ಉತ್ತರಗಳಲ್ಲಿ ಶೇ 45ರಲ್ಲಿ ಕನಿಷ್ಠ ಒಂದಾದರೂ ಗಂಭೀರ ಲೋಪ ಇತ್ತು. 2024ರ ಡಿಸೆಂಬರ್‌ನಲ್ಲಿ ಆ್ಯಪಲ್ ಫೋನಿನ ಎಐ, ಬಿಬಿಸಿಯ ಹೆಸರಿನಲ್ಲೇ, ಒಂದು ಕೊಲೆ ಪ್ರಕರಣದ ಆರೋಪಿ ತಾನೇ ಗುಂಡು ಹಾರಿಸಿಕೊಂಡ ಎಂಬ ಸಾರಾಂಶವನ್ನು ಜನರ ಪರದೆಗೆ ಕಳಿಸಿತ್ತು. ಹಾಗೇನೂ ಆಗಿರಲಿಲ್ಲ, ಬಿಬಿಸಿ ಹಾಗೆ ಬರೆದೂ ಇರಲಿಲ್ಲ. ಮುಂದಿನ ತಿಂಗಳು ಆ್ಯಪಲ್ ಸುದ್ದಿಯ ಮಟ್ಟಿಗೆ ಆ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹೆಚ್ಚು ಚಿಂತೆ ತರಿಸುತ್ತದೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲ್ಗಡೆ ಎಐ ಸಾರಾಂಶ ಬರುತ್ತದಲ್ಲ, ಅದನ್ನು ಓದಿದವರು ಕೆಳಗಿನ ಕೊಂಡಿಗಳನ್ನು ಒತ್ತುತ್ತಾರಾ? ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2025ರಲ್ಲಿ ನೋಡಿತು. ಸಾರಾಂಶ ಇಲ್ಲದಿದ್ದಾಗ ನೂರಕ್ಕೆ 15 ಸಲ ಒತ್ತುತ್ತಿದ್ದರು. ಸಾರಾಂಶ ಇದ್ದಾಗ 8 ಸಲ. ವರದಿಗಾರ ಬರೆದದ್ದನ್ನು ಯಂತ್ರ ಓದಿ ಹೇಳುತ್ತದೆ, ಓದುಗ ಅಲ್ಲೇ ತೃಪ್ತನಾಗಿ ಹೋಗುತ್ತಾನೆ, ಬರೆದವನ ಸೈಟಿಗೆ ಯಾರೂ ಬರುವುದಿಲ್ಲ. ಹಾಗಾದರೆ ನಾಳೆ ಯಂತ್ರ ಓದಲಿಕ್ಕೆ ಬರೆಯುವವರು ಯಾರು? ಈ ಜಗಳ ಕೋರ್ಟಿಗೂ ಹೋಗಿದೆ. ತನ್ನ ಬರಹಗಳನ್ನು ಅನುಮತಿಯಿಲ್ಲದೆ ಬಳಸಿದರು ಎಂದು ‘ನ್ಯೂಯಾರ್ಕ್ ಟೈಮ್ಸ್’ 2023ರ ಡಿಸೆಂಬರ್‌ನಲ್ಲಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿ ಸಂಸ್ಥೆಗಳು ತಮ್ಮ ಬರಹ ಬಳಸಿಕೊಳ್ಳಲು ಬಿಡುವ ಒಪ್ಪಂದ ಮಾಡಿಕೊಂಡವು.

ಎಐ ಬಳಸಲೇಬೇಡಿ ಎನ್ನುತ್ತಿಲ್ಲ. ಒಂದು ಕಾಯ್ದೆಯ ಹಿನ್ನೆಲೆ, ಅರ್ಥವಾಗದ ಆರ್ಥಿಕ ಪದ, ದೂರದ ದೇಶದ ಜಗಳ ಎಲ್ಲಿಂದ ಶುರುವಾಯಿತು ಎಂಬುದು, ಇಂಥದ್ದಕ್ಕೆ ಅದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಇವತ್ತಿನ ಸುದ್ದಿ, ಯಾರು ಏನು ಹೇಳಿದರು, ಎಷ್ಟು ಜನ ಸತ್ತರು ಎಂಬುದಕ್ಕೆ ಮಾತ್ರ ಮೂಲ ವರದಿಯನ್ನೇ ತೆರೆಯಿರಿ. ಎಐ ಕೊಂಡಿ ಕೊಟ್ಟಿದೆ ಎಂದು ಸುಮ್ನೆ ನಂಬಬೇಡಿ, ಒತ್ತಿ ನೋಡಿ. ಕೆಲವು ಸಲ ಆ ಕೊಂಡಿಯ ಪುಟದಲ್ಲಿ ಆ ಮಾತೇ ಇರುವುದಿಲ್ಲ.

ಈಗ ನೀವು ಏನು ಮಾಡಬೇಕು ಎಂಬುದು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ. ಮಳೆ, ಪ್ರವಾಹದ ಸರ್ಕಾರಿ ಎಚ್ಚರಿಕೆಗಳು ಮಾತ್ರ ಹಾಗೇ ಇರಲಿ. ನಿಜವಾಗಿ ದೊಡ್ಡದೇನಾದರೂ ನಡೆದರೆ ಹೇಗೂ ನಿಮಗೆ ಗೊತ್ತಾಗುತ್ತದೆ, ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಆಮೇಲೆ, ಫೀಡ್‌ನಲ್ಲಿ ಸುದ್ದಿ ಓದುವುದನ್ನು ಬಿಟ್ಟು ನೀವು ಆರಿಸಿದ ಪತ್ರಿಕೆಯ ಮುಖಪುಟಕ್ಕೆ ನೀವೇ ಹೋಗಿ. ಅಚ್ಚಾದ ಪುಟವನ್ನೇ ಹಾಗೆಯೇ ಪರದೆಯಲ್ಲಿ ತೋರಿಸುವ ಇ-ಪೇಪರ್ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಆ ಅಳತೆಯೂ ಇದೆ, ಕೊನೆಯೂ ಇದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ಘಟನೆ ನಡೆದ ಮೊದಲ ಗಂಟೆಯ ಸುದ್ದಿಯಲ್ಲಿ ಅರೆಬರೆ ಮಾಹಿತಿಯೇ ಜಾಸ್ತಿ. ಸಂಜೆಗೆ ಅದು ತಿಳಿಯಾಗುತ್ತದೆ. ತಡವಾಗಿ ಓದಿದವನಿಗೆ ಸರಿಯಾದ ಸಂಖ್ಯೆ ಸಿಗುತ್ತದೆ. ವಾರಕ್ಕೆ ಒಂದೇ ಒಂದು ವಿಷಯ ಹಿಡಿದು ಉದ್ದನೆಯ ವರದಿ ಓದಿ. ನಿಮಗೆ ನೆನಪಿರುವುದು ಅದೇ.

ಇದು ಅತಿಯಾಯಿತು, ಸುದ್ದಿಯೇ ಬೇಡ ಎಂದು ಪೂರ್ತಿ ಬಿಟ್ಟವರೂ ಇದ್ದಾರೆ. ಸುದ್ದಿಯನ್ನು ಆಗಾಗ ಅಥವಾ ಕೆಲವೊಮ್ಮೆ ಬೇಕೆಂದೇ ದೂರವಿಡುತ್ತೇವೆ ಎನ್ನುವವರು 2017ರಲ್ಲಿ ಶೇ 29 ಇದ್ದರು, 2025ರಲ್ಲಿ ಶೇ 40 ಆದರು ಎಂದು ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ಹಲವು ದೇಶಗಳ ಸಮೀಕ್ಷೆ ಹೇಳುತ್ತದೆ. ನೀವು ಅಲ್ಲಿಗೆ ಹೋಗಬೇಕಾಗಿಲ್ಲ.

ಕೊನೆಗೆ ವಾಟ್ಸಾಪ್. ಅಲ್ಲಿ ಬರುವ ಸಂದೇಶಗಳು ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಬೀಗ ಹಾಕಿಕೊಂಡೇ ಬರುತ್ತವೆ. 2016ರಿಂದ ಹೀಗೆ. ಕಂಪನಿಗೂ ಒಳಗೆ ಏನಿದೆ ಎಂದು ಓದಲು ಬರುವುದಿಲ್ಲ. ನಿಮ್ಮ ಗುಟ್ಟಿಗೆ ಇದು ಒಳ್ಳೆಯದು. ಆದರೆ ನಡುವೆ ಪರೀಕ್ಷಿಸುವವರು ಯಾರೂ ಇಲ್ಲ ಎಂದೂ ಆಯಿತು. ಕಂಪನಿಗೆ ಸಾಧ್ಯವಿದ್ದದ್ದು ವೇಗ ತಗ್ಗಿಸುವುದು. ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗ್ರೂಪಿಗೆ ಕಳಿಸಬಹುದು ಎಂದು 2020ರ ಏಪ್ರಿಲ್‌ನಲ್ಲಿ ನಿಯಮ ಮಾಡಿದರು. ಅಂಥ ಸಂದೇಶಗಳು ಶೇ 70ರಷ್ಟು ಇಳಿದವು ಎಂದು ಕಂಪನಿ ಹೇಳಿತು. ಸಂದೇಶದ ಮೇಲೆ ಎರಡು ಬಾಣದ ಗುರುತು ಇದೆಯೇ ನೋಡಿ. ಇದ್ದರೆ ಅದು ನಿಮ್ಮ ತಮ್ಮ ಬರೆದದ್ದಲ್ಲ, ಎಲ್ಲಿಂದಲೋ ಸುತ್ತಿಕೊಂಡು ಬಂದದ್ದು.

ಸುಳ್ಳು ಯಾಕೆ ಅಷ್ಟು ಬೇಗ ಓಡುತ್ತದೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದರು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಗಿತ್ತು. ತಪ್ಪು ಯಂತ್ರಗಳದ್ದೂ ಅಲ್ಲ. ಬಾಟ್‌ಗಳು, ಅಂದರೆ ಮನುಷ್ಯರಿಲ್ಲದೆ ತಾವಾಗಿಯೇ ನಡೆಯುವ ಖಾತೆಗಳು, ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಹರಡಿದ್ದವು. ಓಡಿಸಿದವರು ಮನುಷ್ಯರೇ. ಸುಳ್ಳು ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ, ಅದಕ್ಕೇ ಕೈ ತಡೆಯುವುದಿಲ್ಲ.

ಪರೀಕ್ಷಿಸಲು ದೊಡ್ಡ ತಂತ್ರಜ್ಞಾನ ಬೇಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 10 ಇತಿಹಾಸಕಾರರು, ಸುದ್ದಿಯ ನಿಜ ಸುಳ್ಳು ಪರೀಕ್ಷಿಸುವುದೇ ಕೆಲಸವಾಗಿದ್ದ 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳಿಗೆ ಕೆಲವು ವೆಬ್‌ಸೈಟ್ ಕೊಟ್ಟು ನಂಬಬಹುದೇ ಹೇಳಿ ಎಂದರು. ಇತಿಹಾಸಕಾರರು, ವಿದ್ಯಾರ್ಥಿಗಳು ಅದೇ ಪುಟವನ್ನು ಮೇಲಿಂದ ಕೆಳಗೆ ಓದುತ್ತಾ, ಲೋಗೋ ಚೆನ್ನಾಗಿದೆ, ಭಾಷೆ ಚೆನ್ನಾಗಿದೆ ಎಂದು ಹಲವರು ಮೋಸಹೋದರು. ಫ್ಯಾಕ್ಟ್‌ಚೆಕರ್‌ಗಳು ಪುಟವನ್ನು ಅರ್ಧಕ್ಕೇ ಬಿಟ್ಟು ಹೊಸ ಟ್ಯಾಬ್ ತೆರೆದು, ಇವರು ಯಾರು, ಬೇರೆಯವರು ಇವರ ಬಗ್ಗೆ ಏನು ಹೇಳುತ್ತಾರೆ ಎಂದು ಹುಡುಕಿದರು. ಬೇಗ ಉತ್ತರ ಸಿಕ್ಕಿದ್ದು ಅವರಿಗೆ. ಓದಿಕೊಂಡವರಿಗೂ ಈ ಕಷ್ಟ ತಪ್ಪಿದ್ದಲ್ಲ ಎಂಬುದನ್ನು ಮೇಷ್ಟ್ರಾದ ನೀವು ಗಮನಿಸಿ. ಫೋಟೊ ಬಂದರೆ, ಅದೇ ಚಿತ್ರ ಇಂಟರ್ನೆಟ್‌ನಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಎಐ ವೀಡಿಯೊಗಳ ಭಯ ಎಲ್ಲರಿಗೂ ಇದೆ, ಆದರೆ ಬೇರೆ ಎಲ್ಲೋ, ಬೇರೆ ಯಾವಾಗಲೋ ತೆಗೆದ ಹಳೇ ಫೋಟೊಗೆ ಹೊಸ ಶೀರ್ಷಿಕೆ ಅಂಟಿಸುವ ಹಳೇ ಆಟ ಈಗಲೂ ನಿಂತಿಲ್ಲ. ಅದನ್ನು ಲೆನ್ಸ್ ಸಾಮಾನ್ಯವಾಗಿ ಹಿಡಿದುಕೊಡುತ್ತದೆ.

ಸುಳ್ಳೆಂದು ಖಚಿತವಾದ ಮೇಲೆ ಗ್ರೂಪಿನಲ್ಲಿ ಎಲ್ಲರ ಎದುರಿಗೆ ತಿದ್ದಲು ಹೋಗಬೇಡಿ. ಕಳಿಸಿದವರಿಗೆ ಮುಖಭಂಗವಾಗುತ್ತದೆ, ಆಮೇಲೆ ಅವರು ಆ ಸುಳ್ಳನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅವರೊಬ್ಬರಿಗೇ ಮೂಲ ವರದಿಯ ಕೊಂಡಿ ಕಳಿಸಿ, ‘ಇದು ಹೀಗಂತೆ ನೋಡಿ’ ಎಂದು ಬರೆಯಿರಿ. ಅಳಿಸುವುದೋ ಬಿಡುವುದೋ ಅವರಿಗೇ ಬಿಡಿ. ಔಷಧಿ, ಬ್ಯಾಂಕ್, ಗಲಭೆ ಈ ಮೂರರ ಬಗ್ಗೆ ಸುಳ್ಳು ಬಂದರೆ ಮಾತ್ರ ಮುಲಾಜು ನೋಡದೆ ಗ್ರೂಪಿನಲ್ಲೇ ಹೇಳಿಬಿಡಿ.